ಮುಲ್ಕಿಗೆ ಸರ್ಫಿಂಗ್‌ಗೆ ಹೋದ್ರೆ ಮೂರು ದಿನ ಏನ್ ಮಾಡ್ಬಹುದು? ಮೊದಲು ಕಡಲು ಓದೋದು ಕಲೀರಿ

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದೀರಾ ಅಂತ ಅಂದ್ಕೊಂಡೇ ಶುರು ಮಾಡ್ತೀನಿ. ಹೋದ ತಿಂಗಳು ಟ್ರಾವೆಲ್ ಬಜೆಟ್ ಬಗ್ಗೆ ಮಾಡಿದ ಎಪಿಸೋಡ್‌ಗೆ ಬಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿತ್ತು: 'ಬ್ರೋ, ಸರ್ಫಿಂಗ್ ಮಾಡ್ಬೇಕು ಅಂದ್ರೆ ಬಾಲಿಗೇ ಹೋಗ್ಬೇಕಾ?'

ಬೇಡ. ಬೆಂಗಳೂರಲ್ಲಿ ರಾತ್ರಿ ಬಸ್ ಹತ್ತಿದ್ರೆ ಬೆಳಗ್ಗೆ ಮುಲ್ಕಿ. ಮಂಗಳೂರಿಂದ ಉಡುಪಿ ಕಡೆ ಹೋಗೋ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಭಾರತದಲ್ಲಿ ಸರ್ಫಿಂಗ್ ಕಲಿಸೋ ಕೆಲಸ ಗಟ್ಟಿಯಾಗಿ ಬೇರು ಬಿಟ್ಟ ಊರುಗಳಲ್ಲಿ ಇದೂ ಒಂದು. ಜ್ಯಾಕ್ ಹೆಬ್ನರ್ ಅನ್ನೋ ಅಮೆರಿಕದವರು ಸನ್ಯಾಸಿಯಾಗಿ ಇಲ್ಲಿ ಆಶ್ರಮ ಮಾಡ್ಕೊಂಡಿದ್ರು. ಜನ 'ಸರ್ಫಿಂಗ್ ಸ್ವಾಮಿ' ಅಂತ ಕರೀತಿದ್ರು. 2004ರಲ್ಲಿ ಅವರು ಶುರು ಮಾಡಿದ ಕ್ಲಬ್ಬಿನಿಂದ ಕತೆ ಬೆಳೀತು. ಪಕ್ಕದ ಸಸಿಹಿತ್ಲುವಿನಲ್ಲೇ 2016ರಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೀತು. ನಮ್ಮ ರಾಜ್ಯದ ಪರ ಆಡೋ ರಮೇಶ್ ಬೂದಿಹಾಳ್ 2025ರಲ್ಲಿ ಮಹಾಬಲಿಪುರಂನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನ ಕಂಚು ಗೆದ್ದರು. ಅಂದ್ರೆ ಇದು ರೀಲ್ಸ್‌ಗೋಸ್ಕರ ಹುಟ್ಟಿದ ಹುಚ್ಚು ಅಲ್ಲ.

ಆದ್ರೆ ಇವತ್ತಿನ ಎಪಿಸೋಡ್ 'ಮುಲ್ಕಿಯಲ್ಲಿ ನೋಡಲೇಬೇಕಾದ ಹತ್ತು ಜಾಗ' ಅಲ್ಲ. ಯಾಕೆ ಅಂತ ಹೇಳೋಕೆ ಏಳು ವರ್ಷ ಹಿಂದಕ್ಕೆ ಹೋಗ್ಬೇಕು.

ನಾನು ತುಮಕೂರಿನವನು. ನಮಗೆ ದೊಡ್ಡ ನೀರು ಅಂದ್ರೆ ಅಮಾನಿಕೆರೆ. ಬಿ.ಕಾಂ. ಕೊನೇ ವರ್ಷದಲ್ಲಿ ಹನ್ನೊಂದು ಜನ ಟೆಂಪೋ ಟ್ರಾವೆಲರ್ ಮಾಡ್ಕೊಂಡು ಉತ್ತರ ಕನ್ನಡದ ಒಂದು ಬೀಚ್‌ಗೆ ಹೋಗಿದ್ವಿ. ಮೊಣಕಾಲುದ್ದ ನೀರಲ್ಲಿ ನಿಂತು ಫೋಟೋ ತೆಗೀತಿದ್ವಿ. ನಮ್ಮ ಗುಂಪಲ್ಲೇ ಎತ್ತರದವನು ನನ್ನ ಗೆಳೆಯ. 'ಇಲ್ಲಿ ಅಲೇನೇ ಇಲ್ಲ ಕಣ್ರೋ, ಆರಾಮಾಗಿದೆ' ಅಂತ ನಾಲ್ಕು ಹೆಜ್ಜೆ ಮುಂದೆ ಹೋದ. ನಾನು ಫೋನ್ ನೋಡಿ ತಲೆ ಎತ್ತೋ ಅಷ್ಟರಲ್ಲಿ ಅವನು ನಮ್ಮಿಂದ ಒಂದು ಮನೆ ದೂರ ಇದ್ದ. ಮತ್ತೆ ನೋಡಿದ್ರೆ ಐದು ಮನೆ ದೂರ. ಕೂಗ್ತಾ ಇರ್ಲಿಲ್ಲ. ಸಿನಿಮಾದಲ್ಲಿ ತೋರಿಸೋ ಹಾಗೆ ಕೈ ಬಡೀತಾನೂ ಇರ್ಲಿಲ್ಲ. ದಡದ ಕಡೆ ಮುಖ ಮಾಡಿ ಸುಮ್ನೆ ಈಜೋಕೆ ನೋಡ್ತಿದ್ದ, ಹಿಂದಕ್ಕೇ ಹೋಗ್ತಿದ್ದ. ಬಲೆ ಸರಿ ಮಾಡ್ತಿದ್ದ ಇಬ್ಬರು ಮೀನುಗಾರರು ಓಡಿ ಬಂದು, ಟ್ಯೂಬ್ ತಗೊಂಡು ಇಳಿದು ಎಳ್ಕೊಂಡು ಬಂದ್ರು. ಅವರ ಹೆಸರು ಕೇಳೋ ಬುದ್ಧಿ ಕೂಡ ಅವತ್ತು ನಮ್ಮಲ್ಲಿ ಯಾರಿಗೂ ಬರ್ಲಿಲ್ಲ.

ಅವತ್ತಿಂದ ಅವನು ಸ್ವಿಮ್ಮಿಂಗ್ ಪೂಲ್‌ಗೂ ಇಳಿದಿಲ್ಲ. ನಾನೂ ಕಡಲು ಕಂಡ್ರೆ ಮರಳಲ್ಲೇ ಕೂತ್ಕೊಳ್ತಿದ್ದೆ. ಈ ಜನವರಿಯಲ್ಲಿ ಮುಲ್ಕಿಗೆ ಹೋಗೋಣ ಅಂದಾಗ 'ನಾನು ಮೀನು ತಿನ್ನೋಕೆ ಮಾತ್ರ ಬರ್ತೀನಿ' ಅಂತ ಕಂಡೀಷನ್ ಹಾಕೇ ಬಂದ.

ಮೊದಲ ದಿನ ಬೆಳಗ್ಗೆ ಆರೂವರೆಗೆ ಕ್ಲಾಸ್. ಅಷ್ಟು ಬೇಗ ಯಾಕೆ ಅಂತ ಗೊಣಗ್ಕೊಂಡೇ ಹೋದೆ. ಕಾರಣ ಗಾಳಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಬೆಳಗ್ಗೆ ಗಾಳಿ ನೆಲದಿಂದ ಕಡಲ ಕಡೆ ಬೀಸುತ್ತೆ. ಎದುರಿಂದ ಬರೋ ಆ ಗಾಳಿಗೆ ಅಲೆಯ ಮುಖ ನುಣ್ಣಗೆ ನಿಲ್ಲುತ್ತೆ. ಬಿಸಿಲೇರಿದ ಮೇಲೆ ಉಲ್ಟಾ, ಕಡಲಿಂದ ನೆಲಕ್ಕೆ ಗಾಳಿ, ಅಲೆಯೆಲ್ಲ ಕಲಕಿಹೋಗುತ್ತೆ. ಹಾಗಾಗಿ ಸರ್ಫಿಂಗ್ ಊರಲ್ಲಿ ನಿಮ್ಮ ದಿನದ ಟೈಮ್‌ಟೇಬಲ್ ಬರೆಯೋದು ನೀವಲ್ಲ. ಉಬ್ಬರ-ಇಳಿತ ಕೂಡ ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಇವತ್ತು ಏಳಕ್ಕೆ ಚೆನ್ನಾಗಿದ್ದ ಜಾಗ ನಾಳೆ ಏಳಕ್ಕೆ ಹಾಗೇ ಇರಲ್ಲ.

ನಮ್ಮ ಕೋಚ್ ಅಲ್ಲಿಯವರೇ, ಮನೆಮಾತು ತುಳು. ಬೋರ್ಡ್ ಕೈಗೆ ಕೊಡ್ತಾರೆ ಅಂದ್ಕೊಂಡಿದ್ದೆ. ಅವರು ಮರಳಲ್ಲಿ ಕೂರಿಸಿ, 'ಹತ್ತು ನಿಮಿಷ ಸುಮ್ನೆ ಕಡಲು ನೋಡಿ. ಎಂತ ಕಾಣ್ತದೆ ಹೇಳಿ' ಅಂದ್ರು.

'ಅಲೆ ಸರ್.'

'ಅಲೆ ನಂಗೂ ಕಾಣ್ತದೆ ಮಾರ್ರೆ. ಎಲ್ಲಿ ಒಡೀತದೆ, ಎಲ್ಲಿ ಒಡೆಯೂದಿಲ್ಲ ಹೇಳಿ.'

ನೋಡ್ತಾ ನೋಡ್ತಾ ಗೊತ್ತಾಯ್ತು. ಎಡಕ್ಕೂ ಬಲಕ್ಕೂ ಬಿಳಿ ನೊರೆ. ನಡುವೆ ಒಂದು ಹತ್ತು-ಹದಿನೈದು ಅಡಿ ಅಗಲದ ಪಟ್ಟಿಯಲ್ಲಿ ಅಲೆ ಒಡೀತಾನೇ ಇಲ್ಲ. ನೀರಿನ ಬಣ್ಣ ಸ್ವಲ್ಪ ಗಾಢ. ನೊರೆ ಚೂರುಗಳು ದಡಕ್ಕೆ ಬರೋದು ಬಿಟ್ಟು ಒಳಗಡೆ ಕಡಲಿಗೇ ತೇಲ್ಕೊಂಡು ಹೋಗ್ತಿವೆ. 'ನಿಮ್ಮನ್ನು ನೀರಿಗೆ ಇಳೀಲಿಕ್ಕೆ ಬಿಟ್ರೆ ಎಲ್ಲಿ ಇಳೀತೀರಿ?' ಅಂತ ಕೇಳಿದ್ರು. ನಾನು ಆ ಪಟ್ಟಿಯನ್ನೇ ತೋರಿಸ್ದೆ. ಶಾಂತವಾಗಿತ್ತಲ್ಲ!

'ಎಲ್ರೂ ಅಲ್ಲೇ ತೋರಿಸೂದು' ಅಂದ್ರು.

ನನ್ನ ಹಿಂದೆ ಟೀ ಕುಡೀತಾ ಕೂತಿದ್ದ ಗೆಳೆಯ ಎದ್ದು ಬಂದು ಪಕ್ಕದಲ್ಲಿ ಕೂತ್ಕೊಂಡ.

ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಬೇಕಿದ್ರೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಕೇಳಿ. ಅಲೆಗಳು ನೀರನ್ನ ದಡದ ಕಡೆ ತಳ್ತಾನೇ ಇರ್ತವೆ. ಆ ನೀರು ವಾಪಸ್ ಹೋಗ್ಲೇಬೇಕಲ್ಲ? ನೀರಿನಡಿ ಮರಳಿನ ದಿಬ್ಬಗಳಿರ್ತವೆ. ದಿಬ್ಬದ ಮೇಲೆ ಆಳ ಕಡಿಮೆ, ಅದಕ್ಕೇ ಅಲ್ಲಿ ಅಲೆ ಒಡೀತದೆ. ಎರಡು ದಿಬ್ಬದ ನಡುವೆ ಕಾಲುವೆ ಥರ ಆಳ ಇರೋ ಕಡೆ ಅಲೆ ಒಡೆಯಲ್ಲ, ಆದ್ರೆ ತುಂಬಿಕೊಂಡ ನೀರೆಲ್ಲ ಅದೇ ದಾರಿ ಹಿಡಿದು ಜೋರಾಗಿ ಹೊರಗೆ ಹೋಗುತ್ತೆ. ಇದಕ್ಕೆ ರಿಪ್ ಕರೆಂಟ್ ಅಂತಾರೆ. ಜೋರಿದ್ದಾಗ ಒಲಿಂಪಿಕ್ ಈಜುಗಾರನೂ ಅದರ ಎದುರು ಈಜಿ ಬರೋದು ಕಷ್ಟ.

ನಮ್ಮ ಪೇಪರ್‌ಗಳಲ್ಲಿ 'ಸುಳಿಗೆ ಸಿಲುಕಿ' ಅಂತ ಬರೀತೀವಿ ನೋಡಿ, ಅಲ್ಲೇ ತಪ್ಪು ಶುರುವಾಗುತ್ತೆ ಅಂತ ನನಗನ್ಸುತ್ತೆ. ಸುಳಿ ಅಂದ ತಕ್ಷಣ ಗಿರಗಿರ ತಿರುಗಿ ಕೆಳಗೆ ಎಳೆಯೋ ಚಿತ್ರ ಕಣ್ಮುಂದೆ ಬರುತ್ತೆ. ಅಂಥದ್ದು ಕಾಣ್ಲಿಲ್ಲ ಅಂದ್ರೆ ಜಾಗ ಸೇಫ್ ಅಂದ್ಕೊಳ್ತೀವಿ. ರಿಪ್ ಕೆಳಗೆ ಎಳೆಯಲ್ಲ, ಹೊರಗೆ ಒಯ್ಯುತ್ತೆ. ಜನ ಸಾಯೋದು ಅದರ ಎದುರು ಈಜಿ ಈಜಿ ಸುಸ್ತಾಗಿ.

ಹಾಗಾದ್ರೆ ಏನ್ ಮಾಡ್ಬೇಕು? ಎದುರು ಈಜ್ಬೇಡಿ. ಬೆನ್ನ ಮೇಲೆ ತೇಲಿ, ಉಸಿರು ಉಳಿಸ್ಕೊಳ್ಳಿ, ಒಂದು ಕೈ ಎತ್ತಿ ಕೂಗಿ. ಈಜು ಬರೋರಾದ್ರೆ ದಡಕ್ಕೆ ಅಡ್ಡವಾಗಿ, ಅಂದ್ರೆ ದಡದ ಗುಂಟ ಈಜಿ, ಅಲೆ ಒಡೆಯೋ ಜಾಗಕ್ಕೆ ಬನ್ನಿ. ಅಲ್ಲಿಂದ ಅಲೆಯೇ ನಿಮ್ಮನ್ನ ದಡಕ್ಕೆ ತಳ್ಳುತ್ತೆ. ದಡದಲ್ಲಿರೋ ಸ್ನೇಹಿತರು ಹಿಂದೆಮುಂದೆ ನೋಡದೆ ಹಾರೋದು ಬೇಡ. ಕಾಪಾಡೋಕೆ ಹೋದವರೇ ಹೋಗಿಬಿಟ್ಟ ಕತೆ ಕರಾವಳಿಯಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ತೇಲೋದು ಏನಾದ್ರೂ ಎಸೀರಿ: ಟ್ಯೂಬು, ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನು, ಏನಾದ್ರೂ ಸರಿ. ಲೈಫ್‌ಗಾರ್ಡ್‌ನ ಕೂಗಿ, 112ಕ್ಕೆ ಫೋನ್ ಮಾಡಿ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಕಡಲಲ್ಲಿ ಮುಳುಗಿ ತೀರಿಕೊಂಡ್ರು. ಒಳನಾಡಿನ ಮಕ್ಕಳು. ನಮ್ಮ ಥರಾನೇ ಕೆರೆ, ಬೋರ್‌ವೆಲ್ ನೋಡ್ಕೊಂಡು ಬೆಳೆದವರು. ನಮಗೆ ಯಾವ ಪಾಠದಲ್ಲೂ ಕಡಲು ಓದೋದು ಹೇಳ್ಕೊಟ್ಟಿಲ್ಲ.

ನಾನು ಕಾಮರ್ಸ್ ಓದಿದ್ದಕ್ಕೆ ಇಲ್ಲಿ ಒಂದು ಉಪಯೋಗ ಇದೆ. ಸಂಕ್ ಕಾಸ್ಟ್ ಅಂತ ಪಾಠ ಇತ್ತು, ಮುಳುಗಿದ ಖರ್ಚು. ಆಗಲೇ ಖರ್ಚಾಗಿ ವಾಪಸ್ ಬಾರದ ದುಡ್ಡನ್ನ ಮುಂದಿನ ನಿರ್ಧಾರದಲ್ಲಿ ಲೆಕ್ಕಕ್ಕೆ ಹಿಡೀಬಾರ್ದು ಅಂತ ಹೇಳ್ಕೊಡ್ತಾರೆ. ಬೀಚ್‌ನಲ್ಲಿ ನಾವು ಮಾಡೋದು ಅದೇ. ರಾತ್ರಿಯಿಡೀ ಬಸ್ಸಲ್ಲಿ ಬಂದಿದೀವಿ, ರೂಮಿಗೆ ದುಡ್ಡು ಕಟ್ಟಿದೀವಿ, ನಾಳೆ ಆಫೀಸಿದೆ. ಕೆಂಪು ಬಾವುಟ ಹಾಕಿದ್ರೇನಂತೆ, ಇಷ್ಟು ದೂರ ಬಂದು ನೀರಿಗೆ ಇಳೀದೆ ಹೋಗೋದಾ? ಬಸ್ಸಿನ ದುಡ್ಡು ಹೋಯ್ತು, ನೀರಿಗೆ ಇಳಿದ್ರೂ ಅದು ವಾಪಸ್ ಬರಲ್ಲ. ಕಡಲಿಗೆ ನಿಮ್ಮ ಲೀವ್ ಬ್ಯಾಲೆನ್ಸ್ ಗೊತ್ತಿಲ್ಲ.

ಅದಕ್ಕೇ ಯಾವ ತಿಂಗಳು ಹೋಗ್ತೀರಿ ಅನ್ನೋದು ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಮರೆತುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯಂಗಿಲ್ಲ. ಹೊಸಬರಿಗೆ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಸರಿ, ಅಲೆ ಸಣ್ಣದು. ಮೇ ತಿಂಗಳಲ್ಲಿ ದಕ್ಷಿಣದ ಮಹಾಸಾಗರದಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ಅಲೆಗಳು ಇಲ್ಲಿ ತನಕ ಬರ್ತವೆ. ಅದು ಅಭ್ಯಾಸ ಇರೋರಿಗೆ. ಆ್ಯಪ್‌ನಲ್ಲಿ ಅಲೆಯ ಎತ್ತರ ಒಂದನ್ನೇ ನೋಡಿ ನಿರ್ಧಾರ ಮಾಡ್ಬೇಡಿ, ಪಕ್ಕದಲ್ಲಿ ಸೆಕೆಂಡ್ ಲೆಕ್ಕ ಇರುತ್ತೆ. ಒಂದಲೆಗೂ ಮುಂದಿನ ಅಲೆಗೂ ನಡುವಿನ ಸಮಯ ಅದು. ಎತ್ತರ ಒಂದೇ ಇದ್ರೂ 7 ಸೆಕೆಂಡಿನ ಅಲೆಗಿಂತ 14 ಸೆಕೆಂಡಿನ ಅಲೆಗೆ ಶಕ್ತಿ ಜಾಸ್ತಿ. ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಕಡಲಿನ ಮುನ್ಸೂಚನೆ ಕೊಡುತ್ತೆ, ಹೋಗೋ ಮುಂಚೆ ಒಂದ್ಸಲ ನೋಡಿ.

ಸರಿ, ಬೋರ್ಡ್ ಸಿಕ್ತಾ? ಸಿಕ್ತು. ಎಂಟೂವರೆ ಅಡಿಯ ಫೋಮ್ ಬೋರ್ಡ್. ಮೊದಲು ಮರಳಲ್ಲೇ ಮಲಗಿ ಕೈ ಬೀಸೋದು, ಆಮೇಲೆ ಎದೆಯ ಪಕ್ಕ ಕೈ ಊರಿ ಒಂದೇ ಸಲಕ್ಕೆ ಎದ್ದು ನಿಲ್ಲೋದು. ಹಿಂದಿನ ಕಾಲಿಗೆ ಹಗ್ಗ ಕಟ್ತಾರೆ, ಬೋರ್ಡ್ ಕೈ ತಪ್ಪಿ ಹೋಗಬಾರ್ದು ಅಂತ. ಬೀಳೋದನ್ನೂ ಕಲಿಸ್ತಾರೆ: ತಲೆ ಮುಂದೆ ಮಾಡಿ ಬೀಳ್ಬೇಡಿ, ಚಪ್ಪಟೆಯಾಗಿ ಬೀಳಿ, ಮೇಲೆ ಬರೋವಾಗ ತಲೆಗೆ ಕೈ ಅಡ್ಡ ಇಡಿ, ಅಲೆಗೂ ನಿಮಗೂ ನಡುವೆ ಬೋರ್ಡ್ ಅಡ್ಡ ಹಿಡ್ಕೋಬೇಡಿ. ಆ ಕೊನೇದು ನಾನು ಮರೆತೆ. ಮೂಗಿಗೆ ಬಿತ್ತು. ಕನ್ನಡಕ ರೂಮಲ್ಲಿ ಬಿಟ್ಟು ಹೋಗಿದ್ದು ಪುಣ್ಯ.

ಎದೆಮಟ್ಟಕ್ಕಿಂತ ಆಳಕ್ಕೆ ಹೊಸಬರನ್ನ ನಮ್ಮ ಕೋಚ್ ಬಿಡ್ಲಿಲ್ಲ. ಒಡೆದು ಬಂದ ಬಿಳಿ ನೊರೆಯ ಅಲೆಯಲ್ಲೇ ಕಲಿಕೆ. ಮೊದಲ ದಿನ ಇಪ್ಪತ್ತು ಸಲವಾದ್ರೂ ಬಿದ್ದೆ, ಒಂದೇ ಒಂದು ಸಲ ನಿಂತೆ. ಎರಡು ಸೆಕೆಂಡ್ ಇರ್ಬಹುದು. ಹೇಗಿತ್ತು ಅಂತ ವರ್ಣನೆ ಮಾಡೋಕೆ ಬರಲ್ಲ, ವಿಡಿಯೋನೂ ಇಲ್ಲ. ಫೋನ್ ದಡದಲ್ಲಿ ಗೆಳೆಯನ ಕೈಲಿತ್ತು, ಅವನು ನೋಡ್ತಾ ನೋಡ್ತಾ ರೆಕಾರ್ಡ್ ಒತ್ತೋದೇ ಮರೆತಿದ್ದ.

ಕ್ಲಾಸ್ ಬುಕ್ ಮಾಡೋ ಮುಂಚೆ ಬರೀ ರೇಟ್ ಕೇಳ್ಬೇಡಿ. ಒಬ್ಬ ಕೋಚ್‌ಗೆ ಎಷ್ಟು ಜನ? ಬೋರ್ಡು, ಮೈಗಂಟೋ ರ‍್ಯಾಷ್‌ಗಾರ್ಡ್ ಅದರಲ್ಲೇ ಸೇರಿದೆಯಾ? ಅಲೆ ಸರಿ ಇಲ್ಲ ಅಂದ್ರೆ ಕ್ಲಾಸ್ ಮುಂದಕ್ಕೆ ಹಾಕ್ತಾರಾ? ಕೊನೇ ಪ್ರಶ್ನೆಗೆ 'ಅದೆಲ್ಲ ಏನಿಲ್ಲ, ಯಾವಾಗ್ಲೂ ನಡೆಸ್ತೀವಿ' ಅಂತ ಉತ್ತರ ಬಂದ್ರೆ ಬೇರೆ ಕಡೆ ನೋಡಿ. ಈಜು ಬರಲ್ಲ ಅಂದ್ರೆ ಮುಚ್ಚಿಡ್ಬೇಡಿ, ಮೊದಲೇ ಹೇಳಿ. ಹುಡುಗಿಯರು ಬಟ್ಟೆ ಬಗ್ಗೆ ಕೇಳಿದ್ರಿ: ಫುಲ್ ತೋಳಿನ ರ‍್ಯಾಷ್‌ಗಾರ್ಡ್, ಲೆಗ್ಗಿಂಗ್ಸ್ ಸಾಕು. ಬಿಸಿಲಿಗೂ ಬೋರ್ಡಿನ ತರಚಿಗೂ ಅದೇ ಒಳ್ಳೇದು. ಮುಲ್ಕಿಯ ತನ್ವಿ ಜಗದೀಶ್ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕೋ ಪ್ಯಾಡಲಿಂಗ್‌ನಲ್ಲಿ ದೇಶಕ್ಕೆ ಆಡಿದವರು. ಅವರ ವಿಡಿಯೋ ಹುಡುಕಿ ನೋಡಿ.

ಬೆಳಗ್ಗೆ ಹತ್ತಕ್ಕೆ ಕಡಲಿನ ಕೆಲಸ ಮುಗೀತು. ಮಿಕ್ಕ ದಿನ? ನಿಜ ಹೇಳ್ತೀನಿ, ಮೊದಲ ದಿನ ಭುಜ ಎತ್ತೋಕಾಗಲ್ಲ. ತಿಂದು ಮಲಗಿ. ತಿನ್ನೋದು ಅಂದ್ರೆ: ಬೆಳಗ್ಗೆ ಬನ್ಸ್, ಗೋಳಿಬಜೆ. ಮಧ್ಯಾಹ್ನ ಕುಚ್ಚಲಕ್ಕಿ ಊಟ, ಬಂಗುಡೆ ಪುಳಿಮುಂಚಿ, ಸಿಕ್ಕಿದ್ರೆ ಮರ್ವಾಯಿ ಸುಕ್ಕ. ಮರ್ವಾಯಿ ಅಂದ್ರೆ ಅಳಿವೆಯ ಮರಳಲ್ಲಿ ಸಿಗೋ ಚಿಪ್ಪು. ನೀವು ಸಸ್ಯಾಹಾರಿ ಆದ್ರೆ ನೀರುದೋಸೆ ಇದೆ, ಪುನರ್ಪುಳಿ ಶರಬತ್ತಿದೆ, ಉಪವಾಸ ಬೀಳಲ್ಲ. ಎಳನೀರು ಕೇಳಿದ್ರೆ ಅಂಗಡಿಯಕ್ಕ 'ಬೊಂಡವಾ?' ಅಂತಾರೆ, ಹೂಂ ಅನ್ನಿ.

ಸಂಜೆ ನಾಲ್ಕಕ್ಕೆ ನದಿ. ಮುಲ್ಕಿಯಲ್ಲಿ ಕಡಲಿಗಿಂತ ನನಗೆ ಹಿಡಿಸಿದ್ದು ಇದೇ ಅಂದ್ರೆ ಕೋಚ್ ಬೇಜಾರು ಮಾಡ್ಕೊಂಡಾರು. ಶಾಂಭವಿ, ನಂದಿನಿ ಎರಡೂ ನದಿ ಇಲ್ಲಿ ಸೇರಿ ಕಡಲಿಗೆ ಬೀಳ್ತವೆ. ಕಡಲಿಗೂ ನದಿಗೂ ನಡುವೆ ಸಸಿಹಿತ್ಲು ಒಂದು ಸಣ್ಣ ನಾಲಗೆ ಥರ ಚಾಚ್ಕೊಂಡಿದೆ. ಕಡಲ್ಕೊರೆತ ಅದನ್ನ ಆಗಾಗ ಕಚ್ಚುತ್ತಾನೂ ಇರುತ್ತೆ. ಕಾಯಕ್‌ನಲ್ಲಿ ಕಾಂಡ್ಲಾ ಗಿಡಗಳ ನಡುವೆ ಹೋಗ್ತಾ ಇದ್ರೆ ಉಪ್ಪುನೀರೊಳಗೆ ಬೇರು ಬಿಟ್ಟು ನಿಂತಿರೋ ಮರಗಳು, ಬೆಳ್ಳಕ್ಕಿ, ಆಚೆ ದಡದಲ್ಲಿ ತೆಂಗು. ಲೈಫ್ ಜಾಕೆಟ್ ಹಾಕ್ಕೊಂಡು ಇದಕ್ಕೆ ನನ್ನ ಗೆಳೆಯನೂ ಇಳಿದ. ಮೊದಲ ಹತ್ತು ನಿಮಿಷ ಎರಡೂ ಕೈಯಲ್ಲಿ ಕಾಯಕ್ ಅಂಚು ಹಿಡ್ಕೊಂಡೇ ಇದ್ದ, ಹುಟ್ಟು ನಾನೊಬ್ಬನೇ ಹಾಕಿದ್ದು. ಇಳಿತ ಶುರುವಾಗೋ ಮುಂಚೆ ವಾಪಸ್ ಬನ್ನಿ ಅಂತ ಹೇಳಿ ಕಳ್ಸಿದ್ರು. ಇಳಿತದ ಹೊತ್ತಲ್ಲಿ ಅಳಿವೆಯ ನೀರು ಕಡಲಿಗೆ ಎಳೆಯುತ್ತೆ, ಅಲ್ಲೂ ಅದೇ ಲೆಕ್ಕ.

ಎರಡನೇ ದಿನ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ. ಬಪ್ಪ ಅನ್ನೋ ಬ್ಯಾರಿ ವ್ಯಾಪಾರಿಗೆ ದೇವಿ ಒಲಿದು ಕಟ್ಟಿಸಿಕೊಂಡಳು ಅನ್ನೋದು ಐತಿಹ್ಯ. ಜಾತ್ರೆಯಲ್ಲಿ ಆ ಮನೆತನದವರಿಗೆ ಮೊದಲ ಪ್ರಸಾದ ಕೊಡೋ ಪದ್ಧತಿ ಇವತ್ತಿಗೂ ಇದೆ. ಇಲ್ಲಿನ ದೊಡ್ಡ ಡೋಲನ್ನ ನೋಡದೆ ಬರ್ಬೇಡಿ. ಸಂಜೆ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದ್ರೆ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚ್, ಅದನ್ನ ದಾಟಿದ್ರೆ ಬಂಡೆ ಮೇಲೆ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ. ಸಂಜೆ ಹೊತ್ತು ಹತ್ತೋಕೆ ಬಿಡ್ತಾರೆ. ನವೆಂಬರ್-ಡಿಸೆಂಬರ್‌ನಿಂದ ಮೇವರೆಗೆ ಹೋದ್ರೆ ಸುತ್ತಮುತ್ತ ಎಲ್ಲಾದ್ರೂ ಒಂದು ಕಡೆ ಕಟೀಲು ಮೇಳದ ಹರಕೆ ಆಟ ಇರುತ್ತೆ. ಟಿಕೆಟ್ ಇಲ್ಲ, ಯಾರು ಬೇಕಾದ್ರೂ ಕೂತು ನೋಡ್ಬಹುದು. ನಾವು ಹೋಗಿ ಅರ್ಧಕ್ಕೇ ಕುರ್ಚಿಯಲ್ಲಿ ನಿದ್ದೆ ಹೋದ್ವಿ. ಚೆಂಡೆ ಬಡೀತಿದ್ರೂ ನಿದ್ದೆ ಬಂತು ಅಂದ್ರೆ ಸರ್ಫಿಂಗ್ ಎಷ್ಟು ಸುಸ್ತು ಮಾಡುತ್ತೆ ಲೆಕ್ಕ ಹಾಕಿ.

ಮೂರನೇ ದಿನ ಬೆಳಗ್ಗೆ ಎದ್ದು ಹೋದ್ರೆ ಗಾಳಿ ಆಗ್ಲೇ ತಿರುಗಿತ್ತು, ಅಲೆ ಕಲಸು ಮೇಲೋಗರ. ಕೋಚ್ ಐದು ನಿಮಿಷ ನಿಂತು ನೋಡಿ 'ಇವತ್ತು ಬೇಡ' ಅಂದ್ರು. ಕೊನೇ ದಿನ, ದುಡ್ಡು ಕಟ್ಟಿದೀನಿ, ಎರಡು ಸೆಕೆಂಡನ್ನ ನಾಲ್ಕು ಮಾಡ್ಬೇಕಿತ್ತು. ಬಾಯಿ ತನಕ ಬಂತು. ಸುಮ್ಮನಾದೆ. ಅವರು ದುಡ್ಡು ವಾಪಸ್ ಕೊಡೋಕೆ ಬಂದ್ರು, ನಾನು ಮುಂದಿನ ಸಲಕ್ಕೆ ಇರ್ಲಿ ಅಂದೆ.

ಪಕ್ಕದಲ್ಲಿ ಕೈರಂಪಣಿ ಬಲೆ ಎಳೀತಿದ್ರು. ಎರಡು ಸಾಲು ಜನ, ಹಗ್ಗ ಸೊಂಟಕ್ಕೆ ಸಿಕ್ಕಿಸ್ಕೊಂಡು ಹಿಂದ್ಹಿಂದಕ್ಕೆ ನಡೀತಾರೆ. ನಾವೂ ಕೈ ಹಾಕಿದ್ವಿ. ನಮ್ಮಿಂದ ಏನೂ ಸಹಾಯ ಆಗ್ಲಿಲ್ಲ ಅನ್ನೋದು ಅವರ ನಗುವಲ್ಲೇ ಗೊತ್ತಾಯ್ತು. ಬಲೆಯಲ್ಲಿ ಒಂದಷ್ಟು ಬೂತಾಯಿ, ಏಡಿ, ಒಂದು ಚಪ್ಪಲಿ.

ಆಗ ಒಂದು ಕಾರು ಬಂದು ನಿಲ್ತು. ಆರು ಹುಡುಗರು, ಬೆಂಗಳೂರು ಕಡೆ ಮಾತು. ಟೀ ಶರ್ಟ್ ಬಿಚ್ಚಿ ನೀರಿನ ಕಡೆ ಓಡಿದ್ರು. ಒಬ್ಬ ನಡುವಿನ ಪಟ್ಟಿ ಕಡೆ ಕೈ ತೋರಿಸಿ 'ಅಲ್ಲಿ ಅಲೆ ಇಲ್ಲ ಮಚ್ಚಾ' ಅಂದ.

ನಾನು ಬಾಯಿ ತೆಗೆಯೋ ಮುಂಚೆ ಗೆಳೆಯ ಹಗ್ಗ ಬಿಟ್ಟು ಓಡಿದ್ದ. ಏನ್ ಹೇಳ್ದ ಅಂತ ನನಗೆ ಕೇಳಿಸ್ಲಿಲ್ಲ, ಗಾಳಿ ಇತ್ತು. ಅವರಲ್ಲೊಬ್ಬ ಮೊದಲು ನಕ್ಕ. ಇವನು ಮರಳಲ್ಲಿ ಕೂತ್ಕೊಂಡು, ಬೆರಳಲ್ಲಿ ಎರಡು ದಿಬ್ಬ ಗೀಚಿ, ನಡುವೆ ಒಂದು ಗೆರೆ ಎಳೆದು ತೋರಿಸ್ತಾ ಇದ್ದ. ಸ್ವಲ್ಪ ಹೊತ್ತಿಗೆ ಆರು ಜನಾನೂ ಅವನ ಸುತ್ತ ಕುಕ್ಕರಗಾಲಲ್ಲಿ ಕೂತಿದ್ರು.

ವಾಪಸ್ ಬಸ್ಸಲ್ಲಿ, ಶಿರಾಡಿ ಘಾಟಿ ಹತ್ತೋವಾಗ, 'ಅಕ್ಟೋಬರ್‌ನಲ್ಲಿ ರಜಾ ಸಿಗುತ್ತಾ ನಿಂಗೆ?' ಅಂತ ಕೇಳಿದ. ಅದಕ್ಕೂ ಮುಂಚೆ ತುಮಕೂರಲ್ಲಿ ಈಜು ಕ್ಲಾಸ್ ಸೇರ್ತೀವಿ, ಇಬ್ಬರೂ. ಯಾವ ಪೂಲ್ ಚೆನ್ನಾಗಿದೆ ಅಂತ ಗೊತ್ತಿದ್ರೆ ಮೆಸೇಜ್ ಮಾಡಿ. ಮುಂದಿನ ವಾರ ಕ್ರೆಡಿಟ್ ಕಾರ್ಡ್ ಬಗ್ಗೆ ಸಿಗೋಣ.